20 ಕಳ್ಳಿ ಬೀಜ, 14 ತಿಂಗಳು

ಆನ್‌ಲೈನ್‌ನಲ್ಲಿ ತರಿಸಿದ ಆಸ್ಟ್ರೋಫೈಟಮ್ ಆರ್ನೇಟಮ್ ಕಳ್ಳಿಯ ಬೀಜದ ಬಗ್ಗೆ ಬರೆಯುತ್ತಿದ್ದೇನೆ. 20 ಬೀಜಕ್ಕೆ 180 ರೂಪಾಯಿ ಕೊಟ್ಟೆ. ಇದು ಮೆಕ್ಸಿಕೋ ದೇಶದ ಕಳ್ಳಿ. ಬೆಳೆದ ಗಿಡಕ್ಕೆ ಸಾಮಾನ್ಯವಾಗಿ ಎಂಟು ಏಣು (ಮೇಲಿಂದ ಕೆಳಗೆ ಉಬ್ಬಿದ ಅಂಚು), ಏಣಿನುದ್ದಕ್ಕೂ ಗಟ್ಟಿ ಮುಳ್ಳು, ಮೈಮೇಲೆ ಬಿಳಿ ಚುಕ್ಕೆಗಳ ಪಟ್ಟೆ, ನೆತ್ತಿಯಲ್ಲಿ ಹಳದಿ ಹೂವು. ಇದರ ದಾಯಾದಿಗಳಲ್ಲಿ ಕೆಲವಕ್ಕೆ ಮುಳ್ಳೇ ಇಲ್ಲ. ನನಗೆ ಮುಳ್ಳಿರುವುದೇ ಬೇಕಿತ್ತು.

ನಮ್ಮದು ಕೋಲಾರದ ವೇಮಗಲ್ ಹತ್ತಿರದ ಹಳ್ಳಿ, ಮನೆಯಲ್ಲಿ ಟೊಮೆಟೊ ಬೆಳೆಯುತ್ತೇವೆ. ಬೀಜ ನೋಡಿ ಅಭ್ಯಾಸವಿದೆ. ಬಂದ ಬೀಜ ಚೆನ್ನಾಗಿತ್ತು: ಕಡು ಕಂದು, ಮಿರಿಮಿರಿ ಹೊಳಪು, ಪುಟ್ಟ ಟೋಪಿಯ ಆಕಾರ. ಒಂದೂ ಪೊಳ್ಳಿರಲಿಲ್ಲ.

ತೊಳೆದ ದಪ್ಪ ಮರಳಿಗೆ ಇಟ್ಟಿಗೆ ಚೂರು, ಸ್ವಲ್ಪ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ, ಸಸಿ ಬೆಳೆಸುವ ಗುಳಿಗಳ ಹಳೇ ಪ್ರೋಟ್ರೇಗೆ ತುಂಬಿದೆ. ಬೀಜವನ್ನು ಮೇಲೇ ಇಟ್ಟು ಮೆಲ್ಲಗೆ ಒತ್ತಿದೆ, ಮಣ್ಣು ಮುಚ್ಚಲಿಲ್ಲ. ಈ ಬೀಜ ಮೊಳೆಯಲು ಬೆಳಕು ಬೇಕು. ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಅದು ಫೆಬ್ರವರಿ ಕೊನೆ. ನಾಲ್ಕನೇ ದಿನವೇ ಟೋಪಿ ಬಿರಿಯಿತು. ಒಂಬತ್ತನೇ ದಿನಕ್ಕೆ 16 ಮೊಳಕೆ, ಪ್ರತಿಯೊಂದೂ ಹೆಸರುಕಾಳಿನಷ್ಟು ಹಸಿರು ಗುಂಡು. 25 ದಿನಕ್ಕೆ ನಮ್ಮ ಟೊಮೆಟೊ ಸಸಿ ನಾಟಿಗೆ ರೆಡಿ. ಇದು ಆಗಲೂ ಹೆಸರುಕಾಳೇ! ಆದರೆ ಕಣ್ಣಿಗೆ ಹತ್ತಿರ ಹಿಡಿದರೆ ನೆತ್ತಿಯಲ್ಲಿ ಕೂದಲಿನಂಥ ಮೊದಲ ಮುಳ್ಳು ಕಾಣಿಸಿತು. ಅವತ್ತು ಮನೆಯವರನ್ನೆಲ್ಲ ಕರೆದು ತೋರಿಸಿದೆ.

ನನ್ನ ದೂರು ಪ್ಯಾಕೆಟ್ ಜೊತೆ ಬಂದ ಚೀಟಿಯ ಮೇಲೆ. ಪೂರ್ತಿ ಬಿಸಿಲಲ್ಲಿಡಿ, ದಿನಾ ನೀರು ಹಾಕಿ ಎಂದಿತ್ತು. ನಂಬಿ ಪ್ಲಾಸ್ಟಿಕ್ ತೆಗೆದು ತಾರಸಿಗೆ ಇಟ್ಟೆ. ಎರಡೇ ದಿನಕ್ಕೆ ಸಸಿಗಳು ಕೆಂಪಾದವು, ಮೂರು ಸುಟ್ಟೇ ಹೋದವು. ದೊಡ್ಡ ಕಳ್ಳಿಗೆ ಬಿಸಿಲು ಸರಿ, ಎಳೆಯದಕ್ಕೆ ನೆರಳುಬಲೆ ಬೇಕೇ ಬೇಕು.

ಇನ್ನೊಂದು, ನೀರಿನ ವಿಷಯ. ಕೆಲವು ವಾರದ ಮೇಲೆ ಸಸಿಯ ಬುಡದಲ್ಲಿ ಬಿಳಿ ಕಾಣಿಸಿತು. ಗಿಡದ್ದೇ ಚುಕ್ಕೆ ಬಂತು ಅಂದುಕೊಂಡು ಖುಷಿಪಟ್ಟೆ. ಪಕ್ಕದ ಮರಳೂ ಬೆಳ್ಳಗಾಗಿತ್ತು! ಉಗುರಲ್ಲಿ ಕೆರೆದರೆ ಪದರ ಎದ್ದು ಬಂತು. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಅದು. ಇನ್ನೆರಡು ಸಸಿ ಹೋದವು. ಆಮೇಲೆ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು, ಮಳೆ ಬಂದ ಮೇಲೆ ಮಳೆ ನೀರು. ಅಂದಿನಿಂದ ಒಂದೂ ಸತ್ತಿಲ್ಲ.

ಈಗ 11 ಇವೆ, ಒಂದೊಂದೂ ಗೋಲಿ ಗಾತ್ರ. ಪ್ಯಾಕೆಟ್ ಮೇಲೆ ದೊಡ್ಡ ಹೂವಿನ ಚಿತ್ರವಿದೆ, ಹೂವಿಗೆ ಎಷ್ಟೋ ವರ್ಷ ಕಾಯಬೇಕು ಅಂತ ಎಲ್ಲೂ ಬರೆದಿಲ್ಲ. ಟೊಮೆಟೊ ಬೀಜದ ಪ್ಯಾಕೆಟ್ ಮೇಲೆ ಲಾಟ್ ನಂಬರ್, ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ತಾರೀಖು ಎಲ್ಲ ಇರುತ್ತದೆ, ಅಲ್ವಾ? ಇದರ ಮೇಲೆ ತಾರೀಖೂ ಇಲ್ಲ. ಕಳ್ಳಿ ಬೆಳೆಸುವವರೂ ದುಡ್ಡು ಕೊಟ್ಟೇ ತರಿಸುತ್ತಾರೆ.

ಬೀಜಕ್ಕೆ ಐದಕ್ಕೆ ನಾಲ್ಕೂವರೆ, ಚೀಟಿಗೆ ಒಂದು. ಮಳೆಗಾಲಕ್ಕೆ ಇನ್ನೊಂದು ಪ್ಯಾಕೆಟ್ ತರಿಸುತ್ತೇನೆ. ಈ ಸಲ ಮಳೆ ನೀರಿಗೆ ಡ್ರಮ್ ಮೊದಲೇ ಇಟ್ಟಿದ್ದೇನೆ.