ಮನೆಗೇ ಬರುವ ಪ್ಯಾಲಿಯೇಟಿವ್ ಕೇರ್: ಎಲ್ಲಿ ಆಸರೆ, ಎಲ್ಲಿ ಕೊರತೆ

ಅಪ್ಪನ ಅಥವಾ ಅಮ್ಮನ ಕ್ಯಾನ್ಸರ್ ಇನ್ನು ವಾಸಿಯಾಗುವ ಹಂತದಲ್ಲಿಲ್ಲ ಎಂದು ಗೊತ್ತಾದಾಗ ಮಕ್ಕಳು ಇನ್ನೊಬ್ಬ ತಜ್ಞರನ್ನು ಹುಡುಕಿಕೊಂಡು ಓಡುತ್ತಾರೆ. ಓಡಲಿ, ತಪ್ಪೇನಿಲ್ಲ. ಆದರೆ ಅದೇ ವಾರ ಮನೆಗೆ ಬರುವ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಮತ್ತಿತರ ಸಂಕಟ ತಗ್ಗಿಸುವ ಆರೈಕೆಯ ಸೇವೆಗೂ ಹೆಸರು ಬರೆಸಿಬಿಡಬೇಕು. ಇದನ್ನು ಕೊನೆಯ ನಾಲ್ಕು ದಿನದ ಏರ್ಪಾಡು ಎಂದುಕೊಂಡು ಮುಂದಕ್ಕೆ ಹಾಕುವವರೇ ಹೆಚ್ಚು, ನಷ್ಟ ಆಗುವುದೂ ಅಲ್ಲೇ. ಹರಡಿದ್ದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶುರುವಿನಿಂದಲೇ ಚಿಕಿತ್ಸೆಯ ಜೊತೆಗೆ ಈ ಆರೈಕೆಯನ್ನೂ ಪಡೆದವರಲ್ಲಿ ಖಿನ್ನತೆ ಕಡಿಮೆ ಇತ್ತು. ಅವರು ಬದುಕಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಕಾಲ ಬದುಕಿದ್ದರು) 11.6 ತಿಂಗಳು, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 8.9 ತಿಂಗಳು.

ಸೇವೆ ಚೆನ್ನಾಗಿದೆಯೋ ಇಲ್ಲವೋ ಎಂಬುದು ಮೊದಲ ಭೇಟಿಯಲ್ಲೇ ತಿಳಿಯುತ್ತದೆ. ಬಿಪಿ, ಶುಗರ್, ಆಕ್ಸಿಜನ್ ಬರೆದುಕೊಂಡು ಹೊರಟರೆ ಅದು ಬರೀ ತಪಾಸಣೆ. ಪಳಗಿದ ನರ್ಸ್ ಮಂಚದ ಪಕ್ಕ ಕೂತು, 'ಎಲ್ಲಕ್ಕಿಂತ ಹೆಚ್ಚು ಕಾಡ್ತಿರೋದು ಯಾವುದು?' ಎಂದು ರೋಗಿಯನ್ನೇ ಕೇಳುತ್ತಾರೆ, ಮಕ್ಕಳನ್ನಲ್ಲ. ಆಮೇಲೆ ಹೊದಿಕೆ ಸರಿಸಿ, ಮಗ್ಗುಲಿಗೆ ತಿರುಗಿಸಿ, ಬೆನ್ನಿನ ಬುಡದ ಮೂಳೆಯ ಮೇಲೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯೇ, ಒತ್ತಿದರೂ ಆ ಕೆಂಪು ಹೋಗುವುದಿಲ್ಲವೇ ಎಂದು ನೋಡುತ್ತಾರೆ. ಹಾಸಿಗೆ ಹುಣ್ಣಿನ ಮೊದಲ ಗುರುತು ಅದು. ಟಾರ್ಚ್ ಹಾಕಿ ಬಾಯೊಳಗೆ ಬಿಳಿ ಪದರ ಕಟ್ಟಿದೆಯೇ ಎಂದು ಪರೀಕ್ಷಿಸುತ್ತಾರೆ. ಊಟ ಸೇರದಿರುವುದಕ್ಕೆ ಎಷ್ಟೋ ಸಲ ಬಾಯಿಯ ಫಂಗಸ್ ಸೋಂಕೂ ಕಾರಣವಾಗಿರುತ್ತದೆ, ಅದಕ್ಕೆ ಔಷಧ ಇದೆ.

ಈ ಸೇವೆಯ ನಿಜವಾದ ಬೆಲೆ ಇರುವುದು ನೋವಿನ ನಿರ್ವಹಣೆಯಲ್ಲಿ. ತೀವ್ರ ನೋವಿಗೆ ಕೊಡುವ ಪ್ರಬಲ ಔಷಧ ಮಾರ್ಫಿನ್ ಎಂದ ಕೂಡಲೇ 'ಹಾಗಾದರೆ ಮುಗೀತಾ?' ಎಂದು ಮನೆಯವರು ಹೆದರುತ್ತಾರೆ. ಆ ಹೆದರಿಕೆಯಿಂದ ಡೋಸ್ ತಪ್ಪಿಸುತ್ತಾರೆ, ನೋವು ಕೈಮೀರುತ್ತದೆ, ಆಗ ಹಿಡಿತಕ್ಕೆ ತರಲು ಇನ್ನೂ ಹೆಚ್ಚು ಔಷಧ ಬೇಕಾಗುತ್ತದೆ. ಬೇಗ ಕೆಲಸ ಮಾಡುವ ಮಾರ್ಫಿನ್ ಗುಳಿಗೆಯನ್ನು ಸಾಮಾನ್ಯವಾಗಿ 4 ಗಂಟೆಗೊಮ್ಮೆ ಗಡಿಯಾರ ನೋಡಿಯೇ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು. ನಡುವೆ ನೋವು ಎದ್ದರೆ ಕೊಡಲು ಬೇರೆ ಡೋಸ್ ಬರೆದಿರಬೇಕು. ವಾಡಿಕೆಯಲ್ಲಿ ಅದು ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗದವರೆಗೆ: 10 ಮಿಲಿಗ್ರಾಂನಂತೆ ಆರು ಸಲ ಕೊಡುತ್ತಿದ್ದರೆ ಹೆಚ್ಚುವರಿ ಡೋಸ್ 10 ಮಿಲಿಗ್ರಾಂ. ಇದನ್ನು ವೈದ್ಯರೇ ಲೆಕ್ಕ ಹಾಕಿ ಹಾಳೆಯ ಮೇಲೆ ಬರೆದುಕೊಡಬೇಕು. ಇಂಥ ಡೋಸ್ ದಿನಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಬೇಕಾದರೆ ಫೋನ್ ಮಾಡಿ, ಮೂಲ ಡೋಸೇ ಬದಲಾಗಬೇಕು.

ಮಲಬದ್ಧತೆಯ ಔಷಧವೂ ಅದೇ ದಿನ ಶುರುವಾಗಿರಬೇಕು. ಮಾರ್ಫಿನ್ ತರುವ ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ಸಾಮಾನ್ಯವಾಗಿ ತಗ್ಗುತ್ತವೆ, ಮಲಬದ್ಧತೆ ತಗ್ಗುವುದಿಲ್ಲ. ಚೀಟಿಯಲ್ಲಿ ಮಾರ್ಫಿನ್ ಇದ್ದು ಅದಿಲ್ಲದಿದ್ದರೆ ಕೇಳಿ. ಕೈಕಾಲು ಥಟ್ಟನೆ ಅದುರುವುದು, ಇಲ್ಲದ್ದೆಲ್ಲ ಕಾಣಿಸುವುದು, ಎಬ್ಬಿಸಿದರೂ ಏಳದಷ್ಟು ನಿದ್ದೆ ಕಂಡರೆ ತಡಮಾಡದೆ ಹೇಳಬೇಕು. ಕಿಡ್ನಿ ಸೋತಾಗ ಔಷಧ ಮೈಯಲ್ಲೇ ಉಳಿದು ಹೀಗಾಗುವುದುಂಟು. ಚರ್ಮದ ಮೂಲಕ ನೋವಿನ ಔಷಧ ಇಳಿಸುವ ಫೆಂಟನಿಲ್ ಪಟ್ಟಿ ಅಂಟಿಸಿದ್ದರೆ ಅದರ ಮೇಲೆ ಬಿಸಿನೀರಿನ ಚೀಲ ಇಡಲೇಬಾರದು, ಶಾಖಕ್ಕೆ ಔಷಧ ಒಮ್ಮೆಲೇ ಒಳಗಿಳಿಯುತ್ತದೆ.

ಸೇರುವ ಮೊದಲೇ ಕೇಳಬೇಕಾದ್ದು: ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು, ಡೋಸ್ ಬದಲಿಸುವ ಅಧಿಕಾರ ಅವರಿಗಿದೆಯೇ? 'ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ' ಎಂಬುದೊಂದೇ ಉತ್ತರವಾದರೆ ಅಂಥ ಸೇವೆಯನ್ನು ನಾವು ಶಿಫಾರಸು ಮಾಡುವುದಿಲ್ಲ. ಆಸ್ಪತ್ರೆಗೆ ಓಡಲೇಬೇಕಾದ ಸಂದರ್ಭಗಳೂ ಇವೆ. ಹೊಸದಾಗಿ ಬೆನ್ನುನೋವು ಬಂದು ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ, ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ಅದು ಅದೇ ದಿನದ ಕೆಲಸ, ತಡವಾದರೆ ಕಾಲು ಮತ್ತೆ ಏಳದೇ ಹೋಗಬಹುದು. ಒಳ್ಳೆಯ ತಂಡ ಇದನ್ನು ಮುಂಚೆಯೇ ಬರೆದು ಕೊಟ್ಟಿರುತ್ತದೆ.

ಮಕ್ಕಳಿಗೆ ಸಿಗುವ ಆಸರೆಯೇ ಇದರ ದುರ್ಬಲ ಭಾಗ. 1967ರಲ್ಲಿ ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ವಾಸಿಯಾಗದ ರೋಗಿಗಳನ್ನು ಇರಿಸಿಕೊಂಡು ಆರೈಕೆ ಮಾಡುವ ಕೇಂದ್ರ) ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್, ದೇಹದ ನೋವಿನ ಜೊತೆಗೆ ಮನಸ್ಸಿನ, ಸಂಬಂಧಗಳ ಸಂಕಟವನ್ನೂ ನೋವೆಂದೇ ಎಣಿಸಿದವರು. ಅನೇಕ ಸೇವೆಗಳಲ್ಲಿ ಮಾತ್ರ ಆಪ್ತಸಲಹೆ ಎಂಬುದು ಒಂದು ಗಂಟೆಯ ಸಮಾಧಾನದ ಮಾತಿಗೆ ಮುಗಿದುಹೋಗುತ್ತದೆ. ಅದಕ್ಕಿಂತ ಉಪಯುಕ್ತ ಎಂದರೆ ಕುಟುಂಬದ ಸಭೆ: ದೂರದಲ್ಲಿರುವ ಮಗನೂ ಫೋನಿನಲ್ಲಿ ಸೇರಿ, ಎಲ್ಲರೂ ವೈದ್ಯರ ಬಾಯಿಂದ ಒಂದೇ ಮಾತು ಕೇಳಿಸಿಕೊಳ್ಳುವುದು. ವೆಂಟಿಲೇಟರ್ ಬೇಕೋ ಬೇಡವೋ ಎಂಬ ಜಗಳಗಳು ಅಲ್ಲೇ ಎಷ್ಟೋ ತಿಳಿಯಾಗುತ್ತವೆ. 'ಅಮ್ಮನಿಗೆ ಹೇಳಬೇಡಿ' ಎಂದು ಮಕ್ಕಳು ಬೇಡಿಕೊಂಡರೆ ನುರಿತವರು ವಾದಕ್ಕಿಳಿಯುವುದಿಲ್ಲ, ಎಷ್ಟು ತಿಳಿಯಲು ಇಷ್ಟ ಎಂದು ಅಮ್ಮನನ್ನೇ ಮೆಲ್ಲಗೆ ಕೇಳುತ್ತಾರೆ. ವಾರಕ್ಕೆ ಕೆಲವು ಗಂಟೆ ಬಂದು ರೋಗಿಯ ಬಳಿ ಕೂರುವವರಿದ್ದಾರೆಯೇ ಎಂದೂ ವಿಚಾರಿಸಿ. ನೋಡಿಕೊಳ್ಳುವವರಿಗೆ ನಿದ್ದೆ ಸಿಗದೆ ಈ ಏರ್ಪಾಡು ಉಳಿಯುವುದಿಲ್ಲ.

ಕೊನೆಯ ದಿನಗಳಲ್ಲಿ ಏನಾಗುತ್ತದೆ ಎಂದು ಮೊದಲೇ ಹೇಳಿಕೊಡುವುದಂತೂ ದೊಡ್ಡ ಉಪಕಾರ. ಹಸಿವು ಇಂಗುತ್ತದೆ, ಬಲವಂತಕ್ಕೆ ತುರುಕಿದರೆ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಉಸಿರು ನಿಂತು ನಿಂತು ಬರುತ್ತದೆ. ಗಂಟಲಿನ ಗೊರಗೊರ ಕೇಳುವವರಿಗೆ ಸಂಕಟ, ರೋಗಿಗೆ ಬಹುಶಃ ಅಷ್ಟಿಲ್ಲ. ಮಗ್ಗುಲಿಗೆ ತಿರುಗಿಸಿದರೆ ತಗ್ಗಬಹುದು. ಒದ್ದೆ ಸ್ಪಂಜಿನಿಂದ ತುಟಿ, ಬಾಯಿ ಆಗಾಗ ಒರೆಸುವುದನ್ನು ಮಕ್ಕಳೇ ಮಾಡಬಹುದು.

ಮನೆಯಲ್ಲಿ ಒಬ್ಬರೇ ಇದ್ದು, ಅವರಿಗೂ ವಯಸ್ಸಾಗಿದ್ದರೆ ಈ ಸೇವೆ ಸಾಲದು. ಗೆಡ್ಡೆಯಿಂದ ಪದೇ ಪದೇ ರಕ್ತ ಹೋಗುತ್ತಿದ್ದರೆ, ಡೋಸ್ ಏರಿಸಿದರೂ ನೋವು ಜಗ್ಗದಿದ್ದರೆ ಕೂಡ ಹಾಸಿಗೆ ಸೌಲಭ್ಯವಿರುವ ಹಾಸ್ಪಿಸ್ ಒಳ್ಳೆಯದು. ಅಲ್ಲಿ ಕೆಲವು ದಿನ ಇಟ್ಟು ನೋವು ಹತೋಟಿಗೆ ತಂದು ಮನೆಗೆ ಕಳಿಸುವುದೂ ಉಂಟು. ಆದ್ದರಿಂದ ಸೇವೆಯನ್ನು ಆರಿಸುವಾಗ ಅಂಥ ಕೇಂದ್ರದ ಜೊತೆ ಅವರಿಗೆ ಒಡಂಬಡಿಕೆ ಇದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ.