ಸಕ್ಕರೆ ಕಾಯಿಲೆಯವರ ಕೆಮ್ಮಿಗೆ ಜ್ಯೇಷ್ಠಮಧುವೋ, ಜೇನೋ, ಸಿರಪ್ಪೋ?

ಯಾರೇ ಕೇಳಲಿ, ನಾನು ಹೇಳುವುದು ಒಂದೇ: ಗ್ರಂಥಿಗೆ ಅಂಗಡಿಗೆ ಹೋಗಿ ಜ್ಯೇಷ್ಠಮಧುವಿನ ಕಡ್ಡಿ ತನ್ನಿ. ಈ ಚಳಿಗಾಲದ ಕೆಮ್ಮಿಗೆ ಜೇನು, ಬೆಲ್ಲದ ಕಷಾಯ, ಪೆಪ್ಪರ್‌ಮೆಂಟು, ಶುಗರ್ ಫ್ರೀ ಸಿರಪ್ ಎಲ್ಲವನ್ನೂ ನೋಡಿಯಾಯಿತು. ಗಂಟಲಿಗೂ ಗ್ಲುಕೋಮೀಟರಿಗೂ ಒಟ್ಟಿಗೆ ಹೊಂದಿದ್ದು ಅದೊಂದೇ. ಶುಗರಿಗೆ ನಾನು ತಗೊಳ್ಳುವುದು ಮೆಟ್‌ಫಾರ್ಮಿನ್ ಮಾತ್ರೆ, ಬಿಪಿ ಇಲ್ಲ. ಬಿಪಿ ಮಾತು ಯಾಕೆ ಬಂತೆಂದು ಮುಂದೆ ಹೇಳುತ್ತೇನೆ.

ನೆಗಡಿ, ಜ್ವರ ಬಂದಾಗ ಸಿಹಿ ಮುಟ್ಟದಿದ್ದರೂ ಶುಗರ್ ಏರುತ್ತದೆ. ಸೋಂಕಿನ ಹೊತ್ತಿನಲ್ಲಿ ದೇಹ ಬಿಡುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಅದರ ಜೊತೆಗೆ ಔಷಧಿಯ ಹೆಸರಿನಲ್ಲಿ ಸಕ್ಕರೆಯೂ ಸೇರಬಾರದು ಎನ್ನುವುದೇ ನನ್ನ ಹಟ.

ಬೆಲ್ಲ, ಕಲ್ಲುಸಕ್ಕರೆ ಎರಡೂ ಸಕ್ಕರೆಯೇ, ಬಿಟ್ಟೆ. ಪೆಪ್ಪರ್‌ಮೆಂಟಿಗೆ ಲೆಕ್ಕವೇ ಇರುವುದಿಲ್ಲ, ಬಾಯಿಗೊಂದು ಹಾಕಿಕೊಳ್ಳುತ್ತಾ ಹೋದರೆ ಸಂಜೆಯೊಳಗೆ ಪಟ್ಟಿಯೇ ಖಾಲಿ.

ಸಿರಪ್ಪಿನದು ದೊಡ್ಡ ರಗಳೆ. ಮೆಡಿಕಲ್ ಶಾಪಿನಲ್ಲಿ ‘ಕೆಮ್ಮಿಗೆ ಕೊಡಿ’ ಅಂದರೆ ಕೈಗೆ ಬರುವುದು ಸಾದಾ ಬಾಟಲಿ. ಲೇಬಲ್ಲಿನಲ್ಲಿ ಔಷಧಿಗಳನ್ನೆಲ್ಲ ಮಿಲಿಗ್ರಾಂ ಸಮೇತ ಬರೆದಿರುತ್ತಾರೆ, ಕೊನೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ‘ಫ್ಲೇವರ್ಡ್ ಸಿರಪ್ ಬೇಸ್’, ಅಂದರೆ ಔಷಧಿ ಕಲಸುವ ಸಿಹಿ ದ್ರವ, ಅಂತಿರುತ್ತದೆ. ಅದರಲ್ಲಿ ಸಕ್ಕರೆ ಎಷ್ಟು ಗ್ರಾಂ? ನಾನು ತಿರುಗಿಸಿ ನೋಡಿದ ಬಾಟಲಿಗಳಲ್ಲಿ ಎಲ್ಲೂ ಇರಲಿಲ್ಲ. ಬಿಸ್ಕತ್ ಪೊಟ್ಟಣದ ಮೇಲೆ ಸಿಗುವ ಲೆಕ್ಕ, ಕಾಯಿಲೆಯವರು ಕುಡಿಯುವ ಬಾಟಲಿಯ ಮೇಲೆ ಸಿಗುವುದಿಲ್ಲವಲ್ಲ ಎಂದು ನಿಜಕ್ಕೂ ಸಿಟ್ಟು ಬರುತ್ತದೆ. ಔಷಧಿ ತಯಾರಿಕೆಯ ಸಾದಾ ಸಿರಪ್ ಅಂದರೆ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆ. 10 ಎಂಎಲ್‌ನಂತೆ ದಿನಕ್ಕೆ ಮೂರು ಸಲ ಕುಡಿಯುವವರು ಇದನ್ನು ಯೋಚಿಸಲೇಬೇಕು.

ಹಾಗಾಗಿ ಶುಗರ್ ಫ್ರೀ ಎಂದು ಬಾಯಿಬಿಟ್ಟು ಕೇಳಿ ತಂದೆ. ಶುಗರ್ ಏರಲಿಲ್ಲ, ಹೊಟ್ಟೆ ಕೆಟ್ಟಿತು. ಸಿಹಿಗೆಂದು ಹಾಕುವ ಸಾರ್ಬಿಟಾಲ್ ಕೆಲವರಿಗೆ ಭೇದಿ ಮಾಡಿಸುತ್ತದೆ. ಮೆಟ್‌ಫಾರ್ಮಿನ್ನಿಗೂ ಅದೇ ಗುಣ ಇರುವಾಗ ಎರಡೂ ಸೇರಿದರೆ ಕೇಳಬೇಕೆ! ಮೇಲೆ ಆ ಸಿರಪ್ಪಿನಲ್ಲಿದ್ದ ನೆಗಡಿ ಔಷಧಿ ಕ್ಲೋರ್‌ಫೆನಿರಮೈನ್‌ನಿಂದಾಗಿ ಇಡೀ ಬೆಳಿಗ್ಗೆ ತೂಕಡಿಕೆ.

ಜೇನು ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಸಾಮಾನ್ಯ ಕೆಮ್ಮಿಗೆ ಮೊದಲು ಜೇನು ನೋಡಿ ಎಂದು ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲೇ ಹೇಳಿದೆ. ಆದರೆ ಒಂದು ಟೀ ಚಮಚ ಜೇನಿನಲ್ಲಿ ಸುಮಾರು 6 ಗ್ರಾಂ ಸಕ್ಕರೆ. ಕೊಡಗಿನ ಜೇನಾದರೂ, ಕಾಡುಜೇನಾದರೂ ಅಷ್ಟೇ. ರಾತ್ರಿ ಮಲಗುವ ಮುಂಚೆ ಒಂದೇ ಚಮಚ ಅಳೆದು ನೆಕ್ಕುವ ಶಿಸ್ತು ಇದ್ದವರಿಗೆ ತೊಂದರೆಯಿಲ್ಲ.

ಜ್ಯೇಷ್ಠಮಧುವಿನ ಸಿಹಿಯೇ ಬೇರೆ. ಅದರಲ್ಲಿರುವ ಗ್ಲಿಸರೈಜಿನ್ ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ, ಬೇಕಾಗುವುದು ಚೂರೇ ಚೂರು. ಬೆರಳಿನ ಒಂದು ಗೆಣ್ಣಿನಷ್ಟು ಕಡ್ಡಿಯ ಕಂದು ಸಿಪ್ಪೆ ಹೆರೆದು ದವಡೆಗಿಟ್ಟು ಅಗಿಯಿರಿ. ಮೊದಲು ಮಣ್ಣಿನ ವಾಸನೆ, ಆಮೇಲೆ ಸಿಹಿ ನಿಧಾನವಾಗಿ ಗಂಟಲಿಗಿಳಿದು ಅಲ್ಲೇ ನಿಲ್ಲುತ್ತದೆ. ನಾರನ್ನು ಉಗಿದುಬಿಡಿ. ರಾತ್ರಿಗೆ ಅದೇ ಕಡ್ಡಿಯನ್ನು ಜಜ್ಜಿ ಶುಂಠಿ, ಮೆಣಸು, ಎರಡು ದೊಡ್ಡಪತ್ರೆ ಎಲೆ ಹಾಕಿ ಕುದಿಸುತ್ತೇನೆ. ಬೆಲ್ಲದ ನೆನಪೂ ಬರುವುದಿಲ್ಲ.

ಇನ್ನು ಬಿಪಿ ವಿಷಯ. ಅದೇ ಗ್ಲಿಸರೈಜಿನ್ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು, ನೀರು ಹೋಗುವ ಮಾತ್ರೆ ತಗೊಳ್ಳುವವರು, ಬಸುರಿಯರು ಇದರ ತಂಟೆಗೆ ಹೋಗಬಾರದು. ಉಳಿದವರೂ ನಾಲ್ಕೈದು ದಿನಕ್ಕೆ ನಿಲ್ಲಿಸಬೇಕು. ನಮ್ಮ ಯಜಮಾನರಿಗೆ ಶುಗರ್ ಜೊತೆ ಬಿಪಿಯೂ ಇದೆ, ಅವರಿಗೆ ಅಳೆದ ಜೇನೇ ಗತಿ. ರಾಮಿಪ್ರಿಲ್, ಎನಲಾಪ್ರಿಲ್ ಥರದ ಬಿಪಿ ಮಾತ್ರೆಯಿಂದಲೇ ಒಣಕೆಮ್ಮು ಬರುವುದುಂಟು. ಹಾಗಿದ್ದರೆ ಇದ್ಯಾವುದೂ ನಾಟುವುದಿಲ್ಲ, ಮಾತ್ರೆ ಬದಲಿಸಿಕೊಡಿ ಎಂದು ಡಾಕ್ಟರನ್ನೇ ಕೇಳಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು, ಶುಗರ್ ಇದ್ದವರಿಗೆ ಟಿಬಿ ಭಯ ಹೆಚ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಕಡ್ಡಿ ಕೊಳ್ಳುವಾಗ ಒಂದನ್ನು ಮುರಿದು ನೋಡಿ. ಒಳಗೆ ಹಳದಿ ಇರಬೇಕು, ಬೂಷ್ಟು ವಾಸನೆ ಬರಬಾರದು. ಪುಡಿ ಬೇಡ, ಅದರಲ್ಲಿ ಏನು ಬೆರೆಸಿದ್ದಾರೆಂದು ಕಣ್ಣಿಗೆ ಕಾಣುವುದಿಲ್ಲ.