ಬಾಯಿ ನೋಡದೆ ಬಿಟ್ ಮಾರುತ್ತಾರೆ, ಹುಷಾರು

ಸುಂಟಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಕಡೆ ಕುದುರೆ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. (ಬಿಟ್ ಅಂದರೆ ಕಡಿವಾಣದಲ್ಲಿ ಕುದುರೆಯ ಬಾಯೊಳಗೆ ಕೂರುವ ಲೋಹದ ತುಂಡು, ಲಗಾಮು ಕಟ್ಟುವುದು ಅದಕ್ಕೇ.) ನನ್ನ ಮಾನ ಹೋದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ. 14,500 ರೂಪಾಯಿ ಹೋಯಿತು, ಹೋಗಲಿ. ಕುದುರೆಯ ಬಾಯಲ್ಲಿ ರಕ್ತ ಬಂತು. ಬರಿಸಿದ್ದು ನಾನು, ನನ್ನ ಕೈ. ಅದನ್ನು ಹೋಗಲಿ ಅನ್ನೋಕೆ ಆಗುತ್ತಿಲ್ಲ.

ನಮ್ಮದು ಮೈಸೂರಿನಲ್ಲಿ ರೇಸ್ ಓಡಿ ಬಿಟ್ಟ ಹೆಣ್ಣು ಕುದುರೆ, ಥರೋಬ್ರೆಡ್ ಅನ್ನುವ ರೇಸ್ ತಳಿ. ಮಗಳಿಗೆ ಅಂತ ತಂದೆ. ಹೆಸರು ಬೆಳ್ಳಿ, ಬಣ್ಣ ಮಾತ್ರ ಒಣಗಿದ ಕಾಫಿ ಹಣ್ಣಿನದು. ಮೊದಲ ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಒಂದು ದಿನ ತೋಟದ ರಸ್ತೆಯಲ್ಲಿ ಹಿಂದಿನಿಂದ ಪಿಕಪ್ ಬಂದು ಹಾರ್ನ್ ಹೊಡೆದ. ಬೆಳ್ಳಿ ಕಿತ್ತುಕೊಂಡು ಓಡಿತು. ಮೇಲೆ ಮಗಳು. ಎಷ್ಟು ಎಳೆದರೂ ನಿಲ್ಲಲಿಲ್ಲ, ಕೆಲಸದವರ ಲೈನ್ ಮನೆ ದಾಟಿ ಗೇಟ್ ಹತ್ತಿರ ತಾನಾಗಿ ನಿಂತಿತು. ಮಗಳಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಹೆದರಿಕೆಯಲ್ಲೇ ನಾನು ಟೋಪಿ ಹಾಕಿಸಿಕೊಂಡಿದ್ದು.

ಯಾರೋ ಹೋಂಸ್ಟೇಯವರು ಒಬ್ಬ 'ಟ್ರೈನರ್' ನಂಬರ್ ಕೊಟ್ಟರು. ಬಂದ. ಒಂದು ಸಲ ಬಂದು ಹೋಗೋಕೆ 1,500. ಲಾಯದ ಬಾಗಿಲಲ್ಲಿ ಕಾಫಿ ಲೋಟ ಹಿಡಿದುಕೊಂಡು ನಿಂತು, ಅಲ್ಲಿಂದಲೇ ನೋಡಿ ಹೇಳಿದ: "ಗಟ್ಟಿ ಬಾಯಿ ಸಾರ್ ಇದು. ರೇಸ್ ಕುದುರೆಗಳೆಲ್ಲ ಹಂಗೇ. ಸ್ನಾಫಲ್ ಇದಕ್ಕೆ ಚಾಕಲೇಟ್ ಇದ್ದಂಗೆ." ಸ್ನಾಫಲ್ ಅಂದರೆ ಬದಿಯ ಕಡ್ಡಿ, ಸರಪಳಿ ಯಾವುದೂ ಇಲ್ಲದ ಸಾದಾ ಬಿಟ್, ಬೆಳ್ಳಿಗೆ ಅಲ್ಲಿವರೆಗೆ ಹಾಕುತ್ತಿದ್ದದ್ದು. ಬಾಯಿ ಮುಟ್ಟಲಿಲ್ಲ. ಮತ್ತೆ ಹೇಳುತ್ತೇನೆ, ಬಾಯಿ ಮುಟ್ಟಲಿಲ್ಲ. ಲೋಟ ಕೆಳಗೆ ಕೂಡ ಇಡಲಿಲ್ಲ. ಹೋಗಿ ಬೈಕ್ ಬಾಕ್ಸಿನಿಂದ ಹುರಿ ಹೊಸೆದ ತಂತಿಯಂಥ ಒಂದು ಬಿಟ್ ತೆಗೆದ. 3,200.

ಹತ್ತು ದಿನ ಸರಿ ಇತ್ತು. ಆಮೇಲೆ ತಲೆ ಎತ್ತಿ ಎತ್ತಿ ಕೊಡವುವುದು, ನಾಲಿಗೆ ಹೊರಗೆ ಹಾಕುವುದು, ಕಡಿವಾಣ ಕಂಡರೆ ಮೂಲೆಗೆ ಹೋಗಿ ನಿಲ್ಲುವುದು. ಫೋನ್ ಮಾಡಿದೆ. "ನಾಟಕ ಸಾರ್, ಅದು ನಿಮ್ಮನ್ನ ಟೆಸ್ಟ್ ಮಾಡ್ತಾ ಇದೆ" ಅಂದ. ಮತ್ತೆ ಬಂದ, ಮತ್ತೆ 1,500. ಈ ಸಲ ಬಾಯಿಯ ಎರಡೂ ಬದಿಗೆ ಉದ್ದ ಕಡ್ಡಿ ಇರುವ ಕರ್ಬ್ ಬಿಟ್, ಗದ್ದದ ಕೆಳಗೆ ಸರಪಳಿ ಬರುವುದು. "ಇಂಪೋರ್ಟೆಡ್ ಸಾರ್. ಇದು ಡಿಸ್ಕ್ ಬ್ರೇಕ್." ನಾನು ನಕ್ಕೆ! 6,800 ಕೊಟ್ಟೆ. ಚೌಕಾಸಿ ಕೂಡ ಮಾಡಲಿಲ್ಲ.

ಮೂರನೇ ದಿನ ನಾನೇ ಹತ್ತಿದೆ. ಇಳಿಜಾರಿನಲ್ಲಿ ಸ್ವಲ್ಪ ಜೋರಾಯಿತು ಅಂತ ಲಗಾಮು ಎಳೆದೆ. ಸ್ನಾಫಲ್‌ನಲ್ಲಿ ಎಳೆದು ಅಭ್ಯಾಸ ಆಗಿದ್ದ ಕೈ, ಅಷ್ಟೇ ಜೋರಾಗಿ ಎಳೆಯಿತು. ಬೆಳ್ಳಿ ನೆಟ್ಟಗೆ ಮುಂಗಾಲೆತ್ತಿ ನಿಂತಿತು. ನಾನು ರೋಬಸ್ಟಾ ಗಿಡದೊಳಗೆ. ಕಾಫಿ ಕೊಯ್ಯುತ್ತಿದ್ದ ಹೆಂಗಸರೆಲ್ಲ ನೋಡಿದರು. ಎದ್ದು ನೋಡಿದರೆ ಬೆಳ್ಳಿಯ ನೊರೆ ಗುಲಾಬಿ ಬಣ್ಣ.

ಟ್ರೈನರ್‌ಗೆ ಫೋಟೋ ಕಳಿಸಿದೆ. ಬಂದ ವಾಯ್ಸ್ ಮೆಸೇಜ್ ಈಗಲೂ ಇಟ್ಟುಕೊಂಡಿದ್ದೇನೆ: "ಮೊದಮೊದಲು ಸ್ವಲ್ಪ ರಕ್ತ ಬರ್ತದೆ ಸಾರ್, ಹೊಸ ಚಪ್ಪಲಿ ಕಚ್ಚಲ್ವಾ ಹಂಗೆ." ಮಾರನೇ ದಿನ ಕರೆಯದೇ ಬಂದ. ಸರಪಳಿಯನ್ನು ಇನ್ನೊಂದು ಕೊಂಡಿ ಬಿಗಿ ಮಾಡಿ, ಮೂರನೇ 1,500 ತೆಗೆದುಕೊಂಡು ಹೋದ. ಹೋಗುವಾಗ, "ಇದಕ್ಕೂ ಬಗ್ಗಲಿಲ್ಲ ಅಂದ್ರೆ ಮುಳ್ಳಿಂದು ಇದೆ ಸಾರ್."

ಅವತ್ತು ಹೆಂಡತಿ ನನ್ನನ್ನು ಕೇಳದೆ ಪಶುವೈದ್ಯರನ್ನು ಕರೆಸಿದಳು. ಅವರು ಬೇರೇನೂ ಮಾಡಲಿಲ್ಲ. ನಾಲಿಗೆಯನ್ನು ಪಕ್ಕಕ್ಕೆ ಹಿಡಿದು, ಟಾರ್ಚ್ ಬಿಟ್ಟು, "ಬನ್ನಿ ಇಲ್ಲಿ, ನೋಡಿ" ಅಂದರು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲೇ ಇಲ್ಲದ ಜಾಗ ಇರುತ್ತದಲ್ಲ, ಬಿಟ್ ಕೂರುವ ಜಾಗ. ಅಲ್ಲಿ ಮೂಳೆಯ ಮೇಲೆ ತೆಳ್ಳಗೆ ವಸಡು, ಅಷ್ಟೇ. ಬೆಳ್ಳಿಗೆ ಅಲ್ಲಿ ಎರಡೂ ಕಡೆ ಚರ್ಮ ಕಿತ್ತು ಹೋಗಿತ್ತು. ಮೇಲಿನ ಮೊದಲ ದವಡೆ ಹಲ್ಲಿನ ಮುಂದೆ ಜೋಳದ ಕಾಳಿನಷ್ಟು ಒಂದು ಸಣ್ಣ ಹಲ್ಲು, ಇದಕ್ಕೆ ತೋಳ ಹಲ್ಲು ಅನ್ನುತ್ತಾರಂತೆ. ಬಿಟ್ ಅದಕ್ಕೆ ತಾಗಿದರೆ ನೋವಾಗಬಹುದಂತೆ. ದವಡೆ ಹಲ್ಲಿನ ಅಂಚುಗಳು ಬ್ಲೇಡಿನಂತೆ ಚೂಪಾಗಿ ಕೆನ್ನೆಯ ಒಳಗಡೆ ಗಾಯ. ಕುದುರೆ ಹಲ್ಲು ಸವೆದಂತೆಲ್ಲ ಮೇಲೆ ಬರುತ್ತಲೇ ಇರುತ್ತದೆ, ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ ಅರ ಹಾಕಿಸಬೇಕು. ನಾನು ಹಾಕಿಸಿರಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ.

"ಈ ಬಿಟ್ ಅಳತೆ ಮಾಡಿ ಕೊಟ್ಟಿದ್ದು ಯಾರು?" ಅಂತ ಕೇಳಿದರು. ಯಾರೂ ಇಲ್ಲ. ಬಿಟ್ ಐದೂವರೆ ಇಂಚು, ಬೆಳ್ಳಿ ಬಾಯಿ ಐದು. ಡಾಕ್ಟ್ರು ಬಿಟ್ಟನ್ನು ಕೈಗೆ ಕೊಟ್ಟು ನಡುವೆ ಉಗುರಿನಿಂದ ಕೆರೆಯಿರಿ ಅಂದರು. ಕೆರೆದೆ. 'ಇಂಪೋರ್ಟೆಡ್' ಹೊಳಪು ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ತುಕ್ಕು, ತರಿತರಿ. ಆ ತರಿ ಬೆಳ್ಳಿಯ ನಾಲಿಗೆ ಮೇಲೆ ಓಡಾಡಿದೆ. ನಾನು ಅಲ್ಲೇ ಹುಲ್ಲಿನ ಕಟ್ಟಿನ ಮೇಲೆ ಕೂತುಬಿಟ್ಟೆ. ಮಗಳು ಮೊಬೈಲಲ್ಲಿ ಹುಡುಕಿ ಅದೇ ಬಿಟ್ ತೋರಿಸಿದಳು. ಕಾನ್ಪುರದ ಮಾಲು, 650 ರೂಪಾಯಿ. ಕಾನ್ಪುರದಲ್ಲಿ ಒಳ್ಳೆ ಜೀನು, ಒಳ್ಳೆ ಕಡಿವಾಣ ಮಾಡುವವರೂ ಬೇಕಾದಷ್ಟು ಇದ್ದಾರೆ, ಅವರನ್ನು ಬೈಯುತ್ತಿಲ್ಲ. ಇವನು 650ರದ್ದನ್ನು 6,800ಕ್ಕೆ ಕೊಟ್ಟ.

ಫೋನ್ ಮಾಡಿ ಕೇಳಿದೆ. ಅವನ ಉತ್ತರಗಳು ಸಾಲಾಗಿ: "ತುಕ್ಕು ಕೊಡಗಿನ ಮಳೆಗೆ ಸಾರ್." (ಡಿಸೆಂಬರ್‌ನಲ್ಲಿ ಕೊಂಡಿದ್ದು!) "ಡಾಕ್ಟ್ರಿಗೆ ರೈಡಿಂಗ್ ಗೊತ್ತಾ ಸಾರ್?" ಕೊನೆಗೆ, "ನೀವು ಕೈ ಜೋರು ಮಾಡಿದ್ರಿ, ನಾನು ಮಾಡಿದ್ನಾ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈ ನನ್ನದೇ. ಆದರೆ ಆ ಬಿಟ್‌ನಲ್ಲಿ ಕೈ ಹೇಗಿರಬೇಕು ಅಂತ ಒಂದು ಮಾತು ಹೇಳಿದ್ದನಾ ಅವನು?

ಹೇಳಿದ್ದು ಮೈಸೂರಿನ ಪೊಲೀಸ್ ಅಶ್ವದಳದಲ್ಲಿದ್ದು ನಿವೃತ್ತರಾದ ಒಬ್ಬರು, ಡಾಕ್ಟ್ರ ಪರಿಚಯದವರು. ನನ್ನನ್ನು ಕೂರಿಸಿ ಪ್ಯಾಂಟ್ ಮೇಲೆ ಮಡಚಿಸಿದರು. ಮೊಣಕಾಲಿನ ಕೆಳಗೆ, ಚರ್ಮದಡಿ ಬರೀ ಮೂಳೆ ಸಿಗುವ ಕಡೆ, ಬಿಟ್ ಇಟ್ಟು ಸರಪಳಿ ಹಿಂದೆ ಸುತ್ತಿ, ಲಗಾಮನ್ನು ಎರಡು ಬೆರಳಲ್ಲಿ ಎಳೆದರು. "ಅಯ್ಯೋ" ಅಂದೆ. "ಮೇಲಿನ ಕಡ್ಡಿ ಎರಡಿಂಚು, ಕೆಳಗಿನದು ಆರು. ನೀವು ಒಂದು ಕೆ.ಜಿ. ಎಳೆದರೆ ಅದರ ಬಾಯಿಗೆ ಮೂರೋ ನಾಲ್ಕೋ" ಅಂದರು. ಜೋರು ಬಿಟ್ ಕೆಟ್ಟದ್ದಲ್ಲ ಅಂತಲೂ ಅವರೇ ಹೇಳಿದರು. ಆದರೆ ಸ್ನಾಫಲ್‌ನಲ್ಲಿ ಚೆನ್ನಾಗಿ ಕಲಿತ ಕುದುರೆಗೆ, ಕೈ ನಿಂತ ಸವಾರನಿಗೆ. ಕಿರುಬೆರಳು ಆಡಿಸಿದರೆ ಸಾಕಾಗಬೇಕು. ಇನ್ನು ರೇಸ್ ಕುದುರೆ: ಲಗಾಮು ಬಿಗಿಯಾದಷ್ಟೂ ಅದಕ್ಕೆ ಒರಗಿಕೊಂಡು ಓಡೋಕೆ ಕಲಿತಿರುತ್ತದೆ. ಅವತ್ತು ಮಗಳು ಎಳೆದಷ್ಟೂ ಬೆಳ್ಳಿ 'ಓಡು' ಅಂತಲೇ ತಿಳಿದುಕೊಂಡಿದೆ! ಹೇಳಿಕೊಟ್ಟ ಪಾಠ ಸರಿಯಾಗಿ ಒಪ್ಪಿಸಿದ್ದಕ್ಕೆ ನಾವು ಅದಕ್ಕೆ ಶಿಕ್ಷೆ ಕೊಟ್ಟೆವು.

ಅದಕ್ಕೇ, ಬಿಟ್ ಮಾರೋಕೆ ಬಂದವನು ಮೊದಲು ಕುದುರೆ ಬಾಯಿ ತೆರೆದು ನೋಡಲಿಲ್ಲ ಅಂದರೆ ಕಾಫಿ ಕುಡಿಸಿ ಕಳಿಸಿ. ಹಲ್ಲು ತೋರಿಸಿ, ಬಾಯಿ ಅಳತೆ ತೆಗೆಸಿ. ಸರಪಳಿ ಒಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು. ಮುಳ್ಳಿನ ಬಿಟ್ ಅಂತೂ ಕಾನೂನು ಪ್ರಕಾರವೇ ತಪ್ಪು. ಭಾರ ಎಳೆಯುವ, ಹೊರುವ ಪ್ರಾಣಿಗಳಿಗಾಗಿ ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳಲ್ಲಿ ಸವಾರಿಗೂ ಅದು ಕೂಡದು ಅಂತ ಇದೆ. ಅದರ ಹೆಸರೆತ್ತಿದ ಕೂಡಲೇ ಅವನನ್ನು ಗೇಟಿನಾಚೆ ಹಾಕಬೇಕಿತ್ತು.

ಬೆಳ್ಳಿಯ ತೋಳ ಹಲ್ಲು ಕೀಳಿಸಿದ್ದೇವೆ. ಒಂದೂವರೆ ತಿಂಗಳು ಬಾಯಿಗೆ ಏನೂ ಹಾಕಿಲ್ಲ, ಈಗ ಹಳೇ ಸ್ನಾಫಲ್. ಮಗಳ ಕೈಯಿಂದ ತೆಗೆದುಕೊಳ್ಳುತ್ತದೆ. ನಾನು ಹೋದರೆ ಇನ್ನೂ ತಲೆ ಮೇಲೆ.

ಇಷ್ಟು ದಿನ ಸುಮ್ನೆ ಇದ್ದೆ. ನಿನ್ನೆ ಅವನ ಮೆಸೇಜ್ ಬಂತು: "ಸಾರ್, ಆ ಕರ್ಬ್ ನಿಮಗೆ ಬೇಡ ಅಂದ್ರೆ ಅರ್ಧ ರೇಟಿಗೆ ವಾಪಸ್ ಕೊಡಿ. ಸೋಮವಾರಪೇಟೆಯಲ್ಲಿ ಒಬ್ರಿಗೆ ಅರ್ಜೆಂಟ್ ಬೇಕಂತೆ." ಕೊಟ್ಟಿಲ್ಲ, ಲಾಯದ ಮೊಳೆಗೆ ನೇತು ಹಾಕಿದ್ದೇನೆ. ಸೋಮವಾರಪೇಟೆಯವರೇ, ನೀವು ಯಾರು ಅಂತ ನನಗೆ ಗೊತ್ತಿಲ್ಲ. ಅವನು ಬೇರೆ ತರುತ್ತಾನೆ. ಒಂದು ಸಲ ನಮ್ಮ ತೋಟಕ್ಕೆ ಬಂದು ಇದನ್ನು ಉಗುರಲ್ಲಿ ಕೆರೆದು ನೋಡಿ ಹೋಗಿ.